ಕಳವು ಗೊತ್ತಾಯಿತು, ಕೀಲಿ ಹೋದ ದಾರಿ ಗೊತ್ತಾಗಲಿಲ್ಲ

2023ರ ಜೂನ್ 15ರಂದು ಅಮೆರಿಕದ ವಿದೇಶಾಂಗ ಇಲಾಖೆಯ ಸೈಬರ್ ಭದ್ರತಾ ಕೇಂದ್ರದ ಪರದೆಯ ಮೇಲೆ ಒಂದು ಎಚ್ಚರಿಕೆ ಮೂಡಿತು. ಇಲಾಖೆಯ ಸಿಬ್ಬಂದಿ ತಾವೇ ಬರೆದಿಟ್ಟುಕೊಂಡಿದ್ದ ನಿಯಮವೊಂದು ಕೊಟ್ಟ ಎಚ್ಚರಿಕೆ ಅದು. ಆ ನಿಯಮಕ್ಕೆ ಅವರ ನಡುವೆ ಇದ್ದ ಹೆಸರು ‘ಬಿಗ್ ಯೆಲ್ಲೋ ಟ್ಯಾಕ್ಸಿ’. ಮೈಕ್ರೋಸಾಫ್ಟ್‌ನ ಕ್ಲೌಡ್‌ನಲ್ಲಿದ್ದ ಇಲಾಖೆಯ ಮೇಲ್‌ಗಳನ್ನು ಅಪರಿಚಿತ ಗುರುತಿನ ಅಪ್ಲಿಕೇಶನ್ ಒಂದು ತೆರೆಯುತ್ತಿತ್ತು. ಮರುದಿನ ವಿಷಯ ಮೈಕ್ರೋಸಾಫ್ಟ್‌ಗೆ ಹೋಯಿತು. ತನಿಖೆ ಮುಂದುವರಿದಂತೆ ಪಟ್ಟಿ ಬೆಳೆಯಿತು: 22 ಸಂಸ್ಥೆಗಳು, 500ಕ್ಕೂ ಹೆಚ್ಚು ಮಂದಿ. ಅವರಲ್ಲಿ ವಾಣಿಜ್ಯ ಸಚಿವೆ ಜಿನಾ ರೈಮಾಂಡೊ ಇದ್ದರು, ಚೀನಾದಲ್ಲಿದ್ದ ರಾಯಭಾರಿ ನಿಕೋಲಸ್ ಬರ್ನ್ಸ್ ಇದ್ದರು, ಸಂಸದ ಡಾನ್ ಬೇಕನ್ ಇದ್ದರು. ವಿದೇಶಾಂಗ ಇಲಾಖೆಯೊಂದರಿಂದಲೇ ಸುಮಾರು 60,000 ಮೇಲ್‌ಗಳು ಕಳ್ಳರ ಪಾಲಾದವು. ಕಳ್ಳರು ಚೀನಾದ ನಂಟಿನ ಗುಂಪಿನವರು. ಮೈಕ್ರೋಸಾಫ್ಟ್ ಆಗ ಅವರಿಗೆ ‘ಸ್ಟಾರ್ಮ್-0558’ ಎಂದು ಹೆಸರಿಟ್ಟಿತ್ತು.

ಈ ಪ್ರಕರಣದ ಬಗ್ಗೆ ಅಮೆರಿಕದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿ ಸಿದ್ಧಪಡಿಸಿದ ವರದಿ 2024ರ ಏಪ್ರಿಲ್ 2ರಂದು ಹೊರಬಂತು. ಮೂವತ್ತು ಚಿಲ್ಲರೆ ಪುಟಗಳ ಈ ವರದಿಯನ್ನು ಕೈಗೆತ್ತಿಕೊಂಡವರಿಗೆ ಮೊದಲು ಕಾಣುವುದು ಅದರ ನಿಷ್ಠುರತೆ. ಈ ಕಳವು ನಡೆಯಲೇಬಾರದಿತ್ತು, ಮೈಕ್ರೋಸಾಫ್ಟ್‌ನ ಒಂದರ ಹಿಂದೊಂದು ತಪ್ಪುಗಳಿಂದ ನಡೆಯಿತು ಎಂದು ಮಂಡಳಿ ಸುತ್ತುಬಳಸಿಲ್ಲದೆ ಹೇಳಿಬಿಡುತ್ತದೆ. ಸರ್ಕಾರಿ ವರದಿಗಳಲ್ಲಿ ಇಂಥ ಮಾತು ಅಪರೂಪ. ಆದರೆ ವರದಿಯ ಹೆಚ್ಚುಗಾರಿಕೆ ಈ ಬೈಗುಳದಲ್ಲಿಲ್ಲ. ಕ್ಲೌಡ್‌ನಲ್ಲಿ ನಡೆದ ಕಳವಿನ ತನಿಖೆ ಯಾರ ದಯೆಯ ಮೇಲೆ ನಿಂತಿದೆ ಎಂಬುದನ್ನು ಅದು ತೋರಿಸಿಕೊಟ್ಟ ಬಗೆಯಲ್ಲಿದೆ.

ಕ್ಲೌಡ್‌ನಲ್ಲಿ ಸ್ಥಳ ಮಹಜರಿಗೆ ಸ್ಥಳವೇ ಇಲ್ಲ. ಕಚೇರಿಯ ಸರ್ವರ್ ಆಗಿದ್ದರೆ ಡಿಸ್ಕ್ ತೆಗೆದು, ಪ್ರತಿ ಮಾಡಿಸಿ, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಬಹುದು. ಮೇಲ್ ಮೈಕ್ರೋಸಾಫ್ಟ್‌ನ ಯಂತ್ರಗಳಲ್ಲಿದ್ದಾಗ ತನಿಖಾಧಿಕಾರಿಗೆ ಸಿಗುವುದು ಕಂಪನಿ ಕೊಡುವ ಲಾಗ್ ಮಾತ್ರ. ಈ ಪ್ರಕರಣದಲ್ಲಿ ಕಳವು ಹಿಡಿದದ್ದು ‘ಮೇಲ್ ಐಟಮ್ಸ್ ಆಕ್ಸೆಸ್ಡ್’ ಎಂಬ ಲಾಗ್. ಯಾವ ಮೇಲ್ ಅನ್ನು ಯಾವ ಅಪ್ಲಿಕೇಶನ್ ಯಾವಾಗ ತೆರೆಯಿತು ಎಂಬುದು ಅದರಲ್ಲಿ ದಾಖಲಾಗುತ್ತದೆ. ಅದು ಎಲ್ಲ ಗ್ರಾಹಕರಿಗೂ ಸಿಗುತ್ತಿರಲಿಲ್ಲ. ದುಬಾರಿ ಲೈಸೆನ್ಸ್ ಕೊಂಡವರಿಗಷ್ಟೇ. ವಿದೇಶಾಂಗ ಇಲಾಖೆ ದುಡ್ಡು ಕೊಟ್ಟಿತ್ತು, ಹಾಗಾಗಿ ಕಂಡಿತು. ಅಗ್ಗದ ಲೈಸೆನ್ಸ್‌ನವರ ಮೇಲ್ ಕಳುವಾಗಿದ್ದರೂ ಅವರ ಬಳಿ ನೋಡಲು ಏನೂ ಇರಲಿಲ್ಲ. ಬಾಗಿಲು ಒಡೆದದ್ದನ್ನು ಬಾಡಿಗೆದಾರನಿಗೆ ತೋರಿಸಲು ಮನೆಯ ಮಾಲೀಕ ಬೇರೆ ಬಾಡಿಗೆ ಕೇಳಿದ ಹಾಗೆ ಇದು. ಗಲಾಟೆ ಎದ್ದ ಮೇಲೆ, 2023ರ ಜುಲೈ 19ರಂದು, ಇಂಥ ಲಾಗ್‌ಗಳನ್ನು ಹೆಚ್ಚುವರಿ ಶುಲ್ಕವಿಲ್ಲದೆ ಕೊಡುವುದಾಗಿ, 90 ದಿನ ಇಡುತ್ತಿದ್ದ ದಾಖಲೆಯನ್ನು 180 ದಿನಕ್ಕೆ ಏರಿಸುವುದಾಗಿ ಕಂಪನಿ ಪ್ರಕಟಿಸಿತು.

180 ದಿನ ಎಂಬ ಲೆಕ್ಕ ಬೆಂಗಳೂರಿನ ಐಟಿ ಭದ್ರತಾ ತಂಡಗಳಿಗೆ ಹೊಸದಲ್ಲ. ಭಾರತದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ, ಸೈಬರ್ ಘಟನೆಯನ್ನು ಆರು ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಕಾಪಿಡಬೇಕು ಎನ್ನುತ್ತದೆ. ದಿನ ಎಣಿಸುವುದು ಸುಲಭ. ಯಾವ ಲಾಗ್ ಎಂಬುದೇ ತೊಡಕು. ಲಾಗಿನ್ ಆದ ಸಮಯ ಆರು ತಿಂಗಳು ಉಳಿದು, ಮೇಲ್ ತೆರೆದ ದಾಖಲೆಯೇ ಹುಟ್ಟದಿದ್ದರೆ, ಕಾಗದದ ಮೇಲೆ ನಿಯಮ ಪಾಲನೆಯಾಗುತ್ತದೆ, ಕಳವು ಮಾತ್ರ ಕಾಣುವುದಿಲ್ಲ.

ಕಳ್ಳರು ಒಳಹೊಕ್ಕ ಬಗೆ ಇನ್ನೂ ಸ್ವಾರಸ್ಯದ್ದು. ಅವರು ಯಾರ ಪಾಸ್‌ವರ್ಡನ್ನೂ ಕದ್ದಿರಲಿಲ್ಲ. ಲಾಗಿನ್ ಆದವರಿಗೆ ಮೈಕ್ರೋಸಾಫ್ಟ್ ಒಂದು ಟೋಕನ್ ಕೊಡುತ್ತದೆ. ಅದರ ಮೇಲೆ ತನ್ನ ಗುಪ್ತ ಕೀಲಿಯಿಂದ ಡಿಜಿಟಲ್ ಸಹಿ ಹಾಕಿರುತ್ತದೆ. ಕಳ್ಳರ ಕೈಯಲ್ಲಿದ್ದದ್ದು ಅಂಥ ಒಂದು ಕೀಲಿ, 2016ರಲ್ಲಿ ಮಾಡಿದ್ದು. ಅದರಿಂದ ಯಾರ ಹೆಸರಿನಲ್ಲಿ ಬೇಕಾದರೂ ಟೋಕನ್ ತಯಾರಿಸಿಕೊಳ್ಳಬಹುದಿತ್ತು. ಆ ಕೀಲಿ ಜನಸಾಮಾನ್ಯರ ಖಾತೆಗಳಿಗಷ್ಟೇ ಸಲ್ಲಬೇಕಿತ್ತು. ಆದರೆ ಪರಿಶೀಲಿಸುವ ಸಾಫ್ಟ್‌ವೇರ್‌ನಲ್ಲಿದ್ದ ದೋಷದಿಂದ ಸರ್ಕಾರಿ ಮೇಲ್‌ಗಳ ಬಾಗಿಲೂ ಅದಕ್ಕೆ ತೆರೆಯಿತು. ಒಂದು ತಂಡ ಕೊಟ್ಟ ಲೈಬ್ರರಿಯೇ ಪೂರ್ತಿ ತಪಾಸಣೆ ಮಾಡುತ್ತದೆಂದು ಮೇಲ್ ತಂಡ ಅಂದುಕೊಂಡಿತ್ತು. ಯಾವ ದೊಡ್ಡ ಕಚೇರಿಯಲ್ಲೂ ನಡೆಯುವ ಕಥೆ: ಅವರು ನೋಡಿರುತ್ತಾರೆ ಎಂದು ಇವರು, ಇವರು ನೋಡಿಕೊಳ್ಳುತ್ತಾರೆ ಎಂದು ಅವರು. ಇದರ ಮೇಲೆ, 2021ರ ಮಾರ್ಚ್‌ಗೇ ನಿವೃತ್ತಿಯಾಗಬೇಕಿದ್ದ ಕೀಲಿ 2023ರಲ್ಲೂ ಚಾಲ್ತಿಯಲ್ಲಿತ್ತು. ಕೀಲಿಗಳನ್ನು ಕೈಯಿಂದ ಬದಲಿಸುವ ಪದ್ಧತಿಯಿತ್ತು; ಆ ಕೆಲಸದ ವೇಳೆ ಸೇವೆಯೇ ದೊಡ್ಡ ಮಟ್ಟದಲ್ಲಿ ಸ್ಥಗಿತಗೊಂಡದ್ದರಿಂದ 2021ರಲ್ಲಿ ಅದನ್ನು ನಿಲ್ಲಿಸಿಬಿಟ್ಟಿದ್ದರು.

ಕೀಲಿ ಕಳ್ಳರ ಕೈಗೆ ಹೋದದ್ದು ಹೇಗೆ? ವರದಿ ತನ್ನ ಅತ್ಯುತ್ತಮ ಪುಟಗಳನ್ನು ಇದಕ್ಕೆ ಮೀಸಲಿಟ್ಟಿದೆ. ಮೈಕ್ರೋಸಾಫ್ಟ್ 46 ಊಹೆಗಳನ್ನು ಮುಂದಿಟ್ಟುಕೊಂಡು ಹುಡುಕಿತು. ಕೀಲಿ ಮಾಡುವಾಗಲೇ ಒಳಗಿನವರು ಯಾರಾದರೂ ಕದ್ದಿರಬಹುದೇ ಎಂಬುದರಿಂದ ಹಿಡಿದು, ಎದುರಾಳಿಗೆ ಕ್ವಾಂಟಮ್ ಕಂಪ್ಯೂಟರ್‌ನ ಬಲ ಸಿಕ್ಕಿದೆಯೇ ಎಂಬವರೆಗೂ ಆ ಪಟ್ಟಿ ಹಬ್ಬಿತ್ತು. 2023ರ ಸೆಪ್ಟೆಂಬರ್ 6ರಂದು ಕಂಪನಿ ಸಾರ್ವಜನಿಕರಿಗೆ ಒಂದು ವಿವರಣೆ ಕೊಟ್ಟಿತು: 2021ರ ಏಪ್ರಿಲ್‌ನಲ್ಲಿ ಸಹಿ ಹಾಕುವ ವ್ಯವಸ್ಥೆ ಕುಸಿದಾಗ ಉಳಿದ ಕ್ರ್ಯಾಶ್ ಡಂಪ್‌ನಲ್ಲಿ (ಕುಸಿದ ಕ್ಷಣದ ಮೆಮೊರಿಯ ನಕಲಿನಲ್ಲಿ) ಕೀಲಿ ಸೇರಿಕೊಂಡು, ಅಲ್ಲಿಂದ ಸೋರಿರುವುದೇ ಹೆಚ್ಚು ಸಂಭವ. ಪತ್ರಿಕೆಗಳು ಒಪ್ಪಿದವು, ತಜ್ಞರು ಚರ್ಚಿಸಿದರು, ವಿಷಯ ಮುಗಿಯಿತೆನಿಸಿತು. ಆದರೆ ಕೀಲಿಯಿರುವ ಅಂಥ ಡಂಪ್ ಯಾವುದೂ ಕಂಪನಿಗೆ ಸಿಕ್ಕಿರಲಿಲ್ಲ. ವಿವರಣೆ ಸರಿಯಿಲ್ಲವೆಂದು ನವೆಂಬರ್‌ನಲ್ಲೇ ಮಂಡಳಿಯ ಮುಂದೆ ಒಪ್ಪಿಕೊಂಡರೂ, ಸಾರ್ವಜನಿಕವಾಗಿ ತಿದ್ದಿದ್ದು 2024ರ ಮಾರ್ಚ್ 12ರಂದು, ಅದೂ ಮಂಡಳಿ ಬಾರಿಬಾರಿಗೂ ಕೇಳಿದ ಮೇಲೆ. ಕೀಲಿ ಹೇಗೆ ಹೋಯಿತೆಂಬುದು ಮೈಕ್ರೋಸಾಫ್ಟ್‌ಗೆ ಗೊತ್ತಿಲ್ಲ ಎಂದು ವರದಿ ನೇರವಾಗಿ ಬರೆದಿದೆ.

ಇಲ್ಲೊಂದು ವ್ಯಂಗ್ಯವಿದೆ. ಗ್ರಾಹಕರಿಗೆ ಲಾಗ್ ಮಾರುತ್ತಿದ್ದ ಕಂಪನಿಯೇ, ಆ ಸೆಪ್ಟೆಂಬರ್ ವಿವರಣೆಯಲ್ಲಿ, ಕೀಲಿ ಹೊರಹೋದದ್ದಕ್ಕೆ ನಿರ್ದಿಷ್ಟ ಸಾಕ್ಷ್ಯವಾಗುವ ಲಾಗ್ ತನ್ನಲ್ಲಿ ಉಳಿದಿಲ್ಲ ಎಂದಿತ್ತು. ಹಳೆಯ ದಾಖಲೆಗಳು ಅವಧಿ ಮೀರಿ ಅಳಿಸಿಹೋಗಿದ್ದವು.

ವರದಿಯ ದೌರ್ಬಲ್ಯಗಳನ್ನೂ ಹೇಳಲೇಬೇಕು. ಮಂಡಳಿಗೆ ಸಮನ್ಸ್ ಕೊಟ್ಟು ಸಾಕ್ಷಿಗಳನ್ನು ಕರೆಸುವ ಅಧಿಕಾರವಿರಲಿಲ್ಲ. ಮೈಕ್ರೋಸಾಫ್ಟ್ ತಾನಾಗಿ ಹೇಳಿದ್ದು, ತೋರಿಸಿದ್ದು, ಅಷ್ಟರ ಮೇಲೆಯೇ ತನಿಖೆ ನಡೆಯಬೇಕಿತ್ತು. ಆರೋಪಿಯ ಸಹಕಾರವನ್ನೇ ಆಧಾರವಾಗಿಟ್ಟ ತನಿಖೆ ಇಷ್ಟು ದೂರ ಬಂದದ್ದೇ ಹೆಚ್ಚು ಎನ್ನಬಹುದು. ಎಲ್ಲಿ ನಿಂತಿತು ಎಂಬುದೂ ಅದರಿಂದಲೇ ಅರ್ಥವಾಗುತ್ತದೆ. ಕೊನೆಯ 25 ಶಿಫಾರಸುಗಳಲ್ಲಿ ಕೆಲವು ಗಟ್ಟಿಯಾಗಿವೆ: ಲಾಗ್‌ಗಳು ಸೇವೆಯ ಭಾಗವಾಗಿಯೇ ಎಲ್ಲರಿಗೂ ಸಿಗಬೇಕು, ಕಳವಿಗೆ ಈಡಾದವರಿಗೆ ಸುದ್ದಿ ಮುಟ್ಟಿಸಲು ನಂಬಬಹುದಾದ ದಾರಿಯೊಂದಿರಬೇಕು. ಉಳಿದವು ಎಲ್ಲರೂ ತಲೆಯಾಡಿಸಿ ಮರೆಯುವಂಥ ಒಳ್ಳೆಯ ಮಾತುಗಳು. ಗೂಗಲ್ 2009ರ ‘ಆಪರೇಷನ್ ಅರೋರಾ’ ದಾಳಿಯ ನಂತರ ತನ್ನ ಗುರುತು ವ್ಯವಸ್ಥೆಯನ್ನು ಬುಡದಿಂದ ಕಟ್ಟಿಕೊಂಡಿತು ಎಂಬ ಹೋಲಿಕೆ ಉಪಯುಕ್ತವೇ. ಸ್ಟಾರ್ಮ್-0558ಕ್ಕೂ ಆ ಹಳೆಯ ದಾಳಿಗೂ ನಂಟಿದೆ ಎನ್ನುವುದರಿಂದ ಅದಕ್ಕೆ ತೂಕವೂ ಇದೆ. ಆದರೆ ಪ್ರತಿಸ್ಪರ್ಧಿಗಳು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು ಮೈಕ್ರೋಸಾಫ್ಟ್‌ನ ಹೇಳಿಕೆಗಳಷ್ಟೇ ಗಟ್ಟಿಯಾಗಿ ಜಗ್ಗಿ ನೋಡಿದ ಲಕ್ಷಣ ಪುಟಗಳಲ್ಲಿ ಕಾಣುವುದಿಲ್ಲ.

ಇನ್ನೂ ದೊಡ್ಡ ಕೊರತೆ ಈ ವರದಿಗಿಂತ ಹಿಂದಿನದು. ಮಂಡಳಿ ಹುಟ್ಟಿದ್ದು 2021ರ ಮೇ ತಿಂಗಳ ಅಧ್ಯಕ್ಷೀಯ ಆದೇಶದಿಂದ. ಮೊದಲು ಪರಿಶೀಲಿಸಬೇಕಿದ್ದದ್ದು ಸೋಲಾರ್‌ವಿಂಡ್ಸ್ ಕಂಪನಿಯ ಸಾಫ್ಟ್‌ವೇರ್ ಮೂಲಕ ನಡೆದ ದಾಳಿಯ ಪ್ರಕರಣವನ್ನು ಎಂದು ಆ ಆದೇಶದಲ್ಲೇ ಇತ್ತು. ಮಂಡಳಿ ಅದನ್ನು ಬದಿಗಿಟ್ಟು ಲಾಗ್4ಜೆ ಎಂಬ ಸಾಫ್ಟ್‌ವೇರ್‌ನ ದೋಷವನ್ನು ಎತ್ತಿಕೊಂಡಿತು. ಸೋಲಾರ್‌ವಿಂಡ್ಸ್ ದಾಳಿಯಲ್ಲೂ ನಕಲಿ ಟೋಕನ್‌ಗಳ ಬಳಕೆಯಾಗಿತ್ತು. ಆ ಹೊತ್ತಿಗೇ ಗುರುತು ವ್ಯವಸ್ಥೆಗಳನ್ನು ಜಾಲಾಡಿದ್ದರೆ 2016ರ ಕೀಲಿಯ ಮೇಲೂ ಯಾರದಾದರೂ ಕಣ್ಣು ಬೀಳುತ್ತಿತ್ತೇನೋ.

ವರದಿ ಬಂದ ಮೇಲೆ ಮೈಕ್ರೋಸಾಫ್ಟ್ ಅಧ್ಯಕ್ಷ ಬ್ರಾಡ್ ಸ್ಮಿತ್ 2024ರ ಜೂನ್ 13ರಂದು ಸಂಸದೀಯ ಸಮಿತಿಯ ಮುಂದೆ ಕೂತು, ಅದರಲ್ಲಿ ಎತ್ತಿದ ಪ್ರತಿಯೊಂದು ಅಂಶದ ಹೊಣೆಯನ್ನೂ ಒಪ್ಪಿಕೊಂಡರು. ಇಂಥ ದಾಖಲೆಯೊಂದು ಹೀಗೆ ನಾಟಿದ್ದು ಕಡಿಮೆ ಸಾಧನೆಯಲ್ಲ. ಆದರೆ ಅದನ್ನು ಬರೆದ ಮಂಡಳಿಯೇ ಹೆಚ್ಚು ಕಾಲ ಉಳಿಯಲಿಲ್ಲ. 2025ರ ಜನವರಿಯಲ್ಲಿ ಹೊಸ ಸರ್ಕಾರ ಗೃಹಭದ್ರತಾ ಇಲಾಖೆಯ ಸಲಹಾ ಸಮಿತಿಗಳ ಸದಸ್ಯರನ್ನೆಲ್ಲ ಕೈಬಿಟ್ಟಿತು, ಮಂಡಳಿಯ ಸದಸ್ಯರೂ ಅವರೊಂದಿಗೆ ಹೋದರು. ಆಗ ಅವರು ಅಮೆರಿಕದ ಫೋನ್ ಕಂಪನಿಗಳಿಗೆ ‘ಸಾಲ್ಟ್ ಟೈಫೂನ್’ ಗುಂಪು ನುಗ್ಗಿದ್ದ ಪ್ರಕರಣದ ಪರಿಶೀಲನೆಯಲ್ಲಿದ್ದರು. ಆ ಕೆಲಸ ಅರ್ಧಕ್ಕೇ ನಿಂತಿತು.