ತುಂಗಭದ್ರೆಯ ಜಲಯಾನಕ್ಕೆ ಕೈಪಿಡಿ ಹಾಗೂ ನಕಾಶೆ: ಒಂದು ವಿಮರ್ಶೆ

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಕಡವಿನಲ್ಲಿ ಹರಿಗೋಲನ್ನೇರುವ ವಿದ್ಯಾರ್ಥಿಯು ಯಾವ ಗ್ರಂಥವನ್ನು, ಯಾವ ನಕಾಶೆಯನ್ನು ಜೊತೆಗೊಯ್ಯಬೇಕು? ಹಂಪೆಯನ್ನು ಕುರಿತ ಕೈಪಿಡಿಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಗುಡಿಗಳ ಕೈಪಿಡಿಗಳೇ ಹೊರತು ಹೊಳೆಯ ಕೈಪಿಡಿಗಳಲ್ಲವೆಂಬುದು ನಮ್ಮ ಅಭಿಪ್ರಾಯ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಈ ಹೊಳೆಯನ್ನು ಹೊಳೆಯಾಗಿಯೇ ಕಂಡವನು. ಚರ್ಮ ಹೊದಿಸಿದ ಬುಟ್ಟಿಯಾಕಾರದ ದೋಣಿಗಳು ಹದಿನೈದಿಪ್ಪತ್ತು ಜನರನ್ನು ಹೊತ್ತು, ನೇರವಾಗಿ ಸಾಗದೆ ಸುತ್ತುತ್ತಲೇ ದಡ ಸೇರುವುದನ್ನು ಅವನು ವರ್ಣಿಸಿರುವನು. ರಾಬರ್ಟ್ ಸಿವೆಲ್ಲರ 1900ರ ಗ್ರಂಥದಲ್ಲಿ ಇದರ ಅನುವಾದವುಂಟು. ಲಾಂಗ್‌ಹರ್ಸ್ಟರ 1917ರ ಕೈಪಿಡಿಯು ಶಿಲ್ಪವಿವರಣೆಯಲ್ಲಿ ಉಪಯುಕ್ತವಾದರೂ ಅದರ ದೃಷ್ಟಿ ಮುಖ್ಯವಾಗಿ ದಕ್ಷಿಣದ ದಡದ ಮೇಲಿದೆ. ಅಂದು ಆ ದಡವು ಮದರಾಸು ಪ್ರಾಂತಕ್ಕೂ ಆನೆಗೊಂದಿಯ ದಡವು ನಿಜಾಮರ ರಾಜ್ಯಕ್ಕೂ ಸೇರಿದ್ದುವು. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು, 1956ರಲ್ಲಿ ಎರಡು ದಡಗಳೂ ಒಂದೇ ರಾಜ್ಯದಲ್ಲಿ ಕೂಡಿದುವು. ಆದರೂ ಹೊಳೆಯನ್ನು ಪುಟದ ಅಂಚಾಗಿ ಭಾವಿಸುವ ರೂಢಿ ಕೈಪಿಡಿಗಳಿಂದ ಪೂರ್ತಿಯಾಗಿ ತೊಲಗಿಲ್ಲ. ಎರಡು ದಡಗಳನ್ನೂ ಸಮವಾಗಿ ತೋರಿಸದ ಪುಸ್ತಕವು ಈ ರಾಜಧಾನಿಯ ಇತಿಹಾಸವನ್ನು ಅರ್ಧವೇ ಹೇಳುತ್ತದೆ.

ನಕಾಶೆಗಳಲ್ಲಿ ಕಾಲವಿವೇಚನೆ ಇನ್ನೂ ಅಗತ್ಯ. ಕಾಲಿನ್ ಮೆಕೆಂಜಿಯವರು 1799ರಲ್ಲಿ ಸಿದ್ಧಪಡಿಸಿದ ನಕಾಶೆಯು ಇತಿಹಾಸಜ್ಞನಿಗೆ ಅಮೂಲ್ಯವಾದುದು, ಹುಟ್ಟು ಹಾಕುವವನಿಗಲ್ಲ. ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನ ಬಳಿ ಕಟ್ಟಿದ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡ ಮೇಲೆ ಮೇಲ್ಭಾಗದಲ್ಲಿ ಹೊಳೆಯು ಜಲಾಶಯವಾಯಿತು. ಕೆಳಭಾಗದ ನೀರಿನ ಏರಿಳಿತವು ಮಳೆಗಿಂತ ಹೆಚ್ಚಾಗಿ ಗೇಟುಗಳನ್ನು ಅವಲಂಬಿಸಿತು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಯಾವ ಮುದ್ರಿತ ಪುಟವೂ ಹೇಳಲಾರದ ಪ್ರವಾಹವು ಹೊಳೆಗಿಳಿಯಿತು. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕಾಶೆಗಳು ಗಡ್ಡೆಗಳನ್ನೂ ಒಡ್ಡುಗಳನ್ನೂ ಗುರುತಿಸುತ್ತವೆ. ನೀರಿನ ಆಳವನ್ನಾಗಲಿ, ಸೆಳವನ್ನಾಗಲಿ ತಿಳಿಸುವುದಿಲ್ಲ. 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯಿದೆಯ ಪಟ್ಟಿಯಲ್ಲಿ ತುಂಗಭದ್ರೆಯ ಹೆಸರಿರುವುದು ನಿಜ. ಆದರೆ ಪಟ್ಟಿಯು ನಕಾಶೆಯಾಗಲಾರದು.

ಆದುದರಿಂದ ಆಯ್ಕೆಗೆ ಮೂರು ಪ್ರಶ್ನೆಗಳನ್ನು ಸೂಚಿಸುತ್ತೇವೆ. ಪುಸ್ತಕವು ಎರಡೂ ದಡಗಳನ್ನು ಒಳಗೊಂಡಿದೆಯೆ? ನಕಾಶೆಯು 1953ಕ್ಕೆ ಹಿಂದಿನದೊ, ಮುಂದಿನದೊ? ಕಡವು, ಒಡ್ಡು, ಬಂಡೆಗಳನ್ನು ಅದು ಗುರುತಿಸಿದೆಯೆ? ಈ ಮೂರಕ್ಕೂ ತೃಪ್ತಿಕರವಾದ ಉತ್ತರ ದೊರೆತ ಮೇಲೂ ಅಂದಿನ ನೀರು ಎಷ್ಟೆಂಬುದನ್ನು ಅಂಬಿಗನನ್ನೇ ಕೇಳಬೇಕು. ಅವನು ಬೇಡವೆಂದ ದಿನ ಗ್ರಂಥವನ್ನು ಮಡಿಚಿ ದಡದಲ್ಲಿ ಕೂರುವುದೇ ವಿವೇಕ.