ಯಂತ್ರವೂ ಅಭಿರುಚಿಯೂ

ಆಂಗ್ಲ ಕಾದಂಬರಿಕಾರರಾದ ಇ. ಎಂ. ಫಾರ್ಸ್ಟರರು 1909ರಲ್ಲಿ ಪ್ರಕಟಿಸಿದ ‘ದಿ ಮೆಷಿನ್ ಸ್ಟಾಪ್ಸ್’ ಎಂಬ ನೀಳ್ಗತೆಯನ್ನು ಭವಿಷ್ಯವಾಣಿಯೆಂದು ಕೊಂಡಾಡುವವರು ಹಲವರು. ಅದರಲ್ಲಿನ ಜನರು ನೆಲದಡಿಯ ಕೋಣೆಗಳಲ್ಲಿ ಒಬ್ಬೊಬ್ಬರೇ ವಾಸಿಸುವರು. ಗಾಳಿ, ಆಹಾರ, ಗಾನ, ದೂರದೇಶದ ಮಗನ ಮುಖದರ್ಶನ, ಎಲ್ಲವನ್ನೂ ಯಂತ್ರವೇ ಒದಗಿಸುವುದು. ಇಂದು ಅಂಗೈಯಲ್ಲಿ ಮುಖ ನೋಡಿ ಮಾತನಾಡುವವರಿಗೆ ಈ ಊಹೆ ವಿಸ್ಮಯಕರವೇ ಸರಿ. ಆದರೆ ಕಥೆಯ ಹಿರಿಮೆ ಇದಕ್ಕಿಂತಲೂ ಆಳವಾದುದು.

ಯಂತ್ರವು ಕೆಡತೊಡಗಿದಾಗ ಸಂಗೀತದ ನಡುವೆ ಏದುಸಿರಿನಂಥ ಸದ್ದೊಂದು ಕೇಳಿಬರುವುದು. ವಾಷ್ಟಿಯೆಂಬ ತಾಯಿ ದುರಸ್ತಿಯ ಸಮಿತಿಗೆ ದೂರು ಸಲ್ಲಿಸುವಳು. ಬೇಗನೆ ಸರಿಪಡಿಸುವೆವೆಂದು ಉತ್ತರ ಬರುವುದು. ಕಾಲಕ್ರಮದಲ್ಲಿ ಸದ್ದು ನಿಲ್ಲದು, ದೂರು ನಿಲ್ಲುವುದು. ಆ ಸದ್ದು ಗಾನದ ಅಂಗವೆಂದೇ ಆಕೆಗೆ ತೋರುವುದು. ಇಡೀ ಯಂತ್ರವನ್ನು ಬಲ್ಲವನು ಒಬ್ಬನೂ ಉಳಿದಿರುವುದಿಲ್ಲ. ಯಂತ್ರವು ನಿಲ್ಲುವ ಮೊದಲೇ ಸಂಸ್ಕೃತಿಯು ನಿಂತಿತೆಂಬುದನ್ನು ಫಾರ್ಸ್ಟರರು ಈ ಕಿರುಪ್ರಸಂಗದಲ್ಲಿ ತೋರಿಸಿರುವರು.

ಕೃತಿಯಲ್ಲಿ ಕೊರತೆಯೂ ಉಂಟು. ಮಗನಾದ ಕುನೋ ಹಂಬಲಿಸುವ ಬೆಟ್ಟಗಳೂ ನಕ್ಷತ್ರಗಳೂ ಮನುಷ್ಯನನ್ನು ಎಚ್ಚರಿಸಬಲ್ಲವು; ಕೆಟ್ಟ ರುಚಿಯನ್ನು ತಿದ್ದುವ ಗುರುವನ್ನೂ ಅಭ್ಯಾಸವನ್ನೂ ಅವು ಕೊಡಲಾರವು. ಆ ದಾರಿಯನ್ನು ಕಥೆಯು ಹುಡುಕಲಿಲ್ಲ. ಆದರೂ ಅದು ಎತ್ತಿದ ಪ್ರಶ್ನೆ ಹಳತಾಗಿಲ್ಲ. ಉಪಕರಣವು ಎಷ್ಟೇ ಹೊಸದಾಗಲಿ, ಅಪಸ್ವರವನ್ನು ಅಪಸ್ವರವೆಂದರಿಯುವ ಕಿವಿಯನ್ನು ಕಾಯ್ದುಕೊಳ್ಳುವ ಹೊಣೆ ಮನುಷ್ಯನದೇ.