ಹೊಗಳಿದವರು ಮರಳಿ ಬಂದರೇ?

ಜಯನಗರ ನಾಲ್ಕನೇ ಬ್ಲಾಕಿನ ಮೊಬೈಲ್ ಅಂಗಡಿಯ ಮುಂದೆ ಪರಿಚಿತ ಯುವಕನೊಬ್ಬ ಸಿಕ್ಕಿದ. ತಿಲಕ್ ನಗರದಲ್ಲಿ ಮನೆ, ಬಿಟಿಎಂ ಲೇಔಟಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ. ಫೋನ್ ನಿಂತರೆ ಅವನ ಅಂದಿನ ದುಡಿಮೆಯೂ ನಿಂತಂತೆ. ವಿಮರ್ಶೆಯೊಂದನ್ನು ನಂಬಿ ಕೊಂಡ ಫೋನಿನ ಬ್ಯಾಟರಿ ನಾಲ್ಕೇ ತಿಂಗಳಲ್ಲಿ ಮಧ್ಯಾಹ್ನಕ್ಕೇ ಬರಿದಾಗುತ್ತಿತ್ತು. "ಬರೆದವರು ಇದನ್ನು ಎಷ್ಟು ದಿನ ಬಳಸಿದ್ದರು ಸಾರ್?" ಎಂದು ಅವನು ಕೇಳಿದ. ತಂತ್ರಜ್ಞಾನ ಬರಹಗಾರರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ.

ನಮ್ಮ ಬೆಂಗಳೂರಿನದೇ ಉದಾಹರಣೆ ನೋಡೋಣ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್ಕೋರ್ ಸಾಫ್ಟ್‌ವೇರ್ ಸೇರಿ ರೂಪಿಸಿದ ಸಿಂಪ್ಯೂಟರ್ ಬಡವರ ಕಂಪ್ಯೂಟರ್ ಎಂದು ಹೆಸರಾಯಿತು. ಸುಮಾರು 9,000 ರೂಪಾಯಿಗೆ ಸಿಗುವುದೆಂಬ ನಿರೀಕ್ಷೆಯಿತ್ತು. ಅದು ಅಂಗಡಿಗೆ ಬರುವ ಮೊದಲೇ, 2001ರಲ್ಲಿ, ಲೇಖಕ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್‌ನ ನಿಯತಕಾಲಿಕೆಯಲ್ಲಿ ಅದನ್ನು ಆ ವರ್ಷದ ಅತಿ ಮಹತ್ವದ ಕಂಪ್ಯೂಟರ್ ಆವಿಷ್ಕಾರವೆಂದು ಬಣ್ಣಿಸಿದರು. 2004ರಲ್ಲಿ ಬಿಇಎಲ್ ತಯಾರಿಸಿದ 'ಅಮಿಡಾ' ಬಂದಾಗ ಬೆಲೆ 9,950 ರೂಪಾಯಿಯಿಂದ ಆರಂಭವಾಗಿತ್ತು. ಬಣ್ಣದ ಪರದೆ ಬೇಕೆಂದರೆ ಅದರ ಸುಮಾರು ಎರಡು ಪಟ್ಟು. 2005ರವರೆಗೆ ಮಾರಾಟವಾದದ್ದು ಸುಮಾರು 4,000 ಮಾತ್ರ. ವಿಜ್ಞಾನಿಗಳ ಕನಸು ಪ್ರಾಮಾಣಿಕವಾದುದೇ. ಆದರೆ ಕನಸನ್ನು ಉತ್ಪನ್ನವೆಂಬಂತೆ ವರದಿ ಮಾಡಿದ್ದು ಪತ್ರಿಕೋದ್ಯಮದ ದೋಷ. ಮೊದಲು ಹೊಗಳಿದವರಲ್ಲಿ ಎಷ್ಟು ಮಂದಿ ಮರಳಿ ಬಂದು ಹಳ್ಳಿಯವನ ಕೈಗೆ ಅದು ಸೇರಿತೇ ಎಂದು ವಿಚಾರಿಸಿದರು?

ಇದಕ್ಕೆ ವಿರುದ್ಧ ನಿದರ್ಶನವೂ ಇದೆ. 2016ರ ಫೆಬ್ರವರಿಯಲ್ಲಿ 251 ರೂಪಾಯಿಯ 'ಫ್ರೀಡಂ 251' ಫೋನಿನ ಜಾಹೀರಾತು ಪತ್ರಿಕೆಗಳ ಮುಖಪುಟವನ್ನೇ ತುಂಬಿತು. ಆದರೆ ಪರಿಶೀಲನೆಗೆ ಕೊಟ್ಟ ಫೋನನ್ನು ಕೆಲವು ವರದಿಗಾರರು ಕೈಯಲ್ಲಿ ಹಿಡಿದು ಉಜ್ಜಿ ನೋಡಿದರು. ಬಿಳಿ ಬಣ್ಣದ ಕೆಳಗೆ 'ಆಡ್‌ಕಾಮ್' ಎಂಬ ಬೇರೆ ಕಂಪನಿಯ ಹೆಸರು ಕಂಡಿತು. ಮುಖಪುಟ ಮಾರಿದ್ದೂ ಪತ್ರಿಕೆಗಳೇ, ಬಣ್ಣ ಕೆರೆದದ್ದೂ ಪತ್ರಕರ್ತರೇ! ಹಾಗಾಗಿ ನಾವು ತೂಗಬೇಕಾದದ್ದು ಪತ್ರಿಕೆಯ ಹೆಸರನ್ನಲ್ಲ, ಬರೆದವನ ಕೆಲಸವನ್ನು.

ಕನ್ನಡದಲ್ಲಿ ಯು.ಬಿ. ಪವನಜ ಅವರು ಪ್ರಜಾವಾಣಿಯಲ್ಲಿ ಬರೆದ 'ಗ್ಯಾಜೆಟ್ ಲೋಕ' ಅಂಕಣದ ಒಂದು ಗುಣ ಇಲ್ಲಿ ಸ್ಮರಣೀಯ. ಸಾಧನದಲ್ಲಿ ಕನ್ನಡದ ಅಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಅವರು ನೋಡುತ್ತಿದ್ದರು. ಕಂಪನಿಯ ಪ್ರಕಟಣೆಯನ್ನು ಅನುವಾದಿಸುವವನಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ನಮ್ಮ ಓದುಗನನ್ನು ಮನಸ್ಸಿನಲ್ಲಿಟ್ಟು ಸಾಧನವನ್ನು ಬಳಸಿದವನಿಗೆ ಮಾತ್ರ ಹೊಳೆಯುತ್ತದೆ.

ಹಣ ಅಥವಾ ಉಡುಗೊರೆ ಪಡೆದು ಪ್ರಚಾರ ಮಾಡುವ ಜಾಲತಾಣದ ಪ್ರಭಾವಿಗಳು ಅದನ್ನು ಬಹಿರಂಗಪಡಿಸಬೇಕೆಂದು ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿ ಮಾರ್ಗಸೂಚಿ ಹೊರಡಿಸಿತು. ಒಳ್ಳೆಯದೇ. ಆದರೆ ಹಣ ಪಡೆಯದವನೂ ಅವಸರದಲ್ಲಿ ತಪ್ಪುದಾರಿಗೆಳೆಯಬಲ್ಲ. ಒಂದು ವಾರ ಬಳಸಿದವನಿಗೆ ನಾಲ್ಕನೇ ತಿಂಗಳ ಬ್ಯಾಟರಿಯ ಗತಿ ತಿಳಿಯದು; ಅದು ಅಪರಾಧವಲ್ಲ. "ನಾನು ನೋಡಿದ್ದು ಒಂದೇ ವಾರ" ಎಂದು ಹೇಳದಿರುವುದು ಅಪರಾಧ. ಆರು ತಿಂಗಳ ನಂತರ ಮರಳಿ ಬಂದು, ತಪ್ಪಿದ್ದರೆ ಒಪ್ಪಿಕೊಳ್ಳುವ ಎರಡನೆಯ ಲೇಖನವೇ ಅವನ ನಂಬಿಕೆಯ ಪ್ರಮಾಣಪತ್ರ.

ಆ ಯುವಕ ಎರಡು ತಿಂಗಳ ಉಳಿತಾಯವನ್ನು ಒಂದು ಲೇಖನದ ಮೇಲೆ ಇಟ್ಟಿದ್ದ. ಬರೆಯುವವರು ಲೇಖನಿ ಎತ್ತುವಾಗ ಅವನ ಮುಖವನ್ನೊಮ್ಮೆ ನೆನೆಯಲಿ.